ಕಂತು ಕಟ್ಟಿಸಿಕೊಳ್ಳುವವರು, ಪರಿಹಾರ ಕೊಡಿಸುವವರು

2002ರಲ್ಲಿ ಕರುಣಾ ಟ್ರಸ್ಟ್ ತಿ. ನರಸೀಪುರ ತಾಲ್ಲೂಕಿನಲ್ಲಿ ಒಂದು ಆರೋಗ್ಯ ವಿಮೆ ಶುರುಮಾಡಿತು. ವಿಮೆ ಮಾಡಿಸಿದವರು ಸರ್ಕಾರಿ ಆಸ್ಪತ್ರೆಗೆ ಒಳರೋಗಿಯಾಗಿ ಸೇರಿದರೆ ದಿನಕ್ಕೆ 100 ರೂಪಾಯಿ. ಅದರಲ್ಲಿ 50 ರೂಪಾಯಿ ಔಷಧಿ ಮತ್ತಿತರ ಖರ್ಚಿಗೆ, ಉಳಿದ 50 ಹಾಸಿಗೆ ಹಿಡಿದ ದಿನಗಳಲ್ಲಿ ತಪ್ಪಿಹೋದ ಕೂಲಿಗೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿತ್ತು; ಹೊಣೆ ಹೊತ್ತದ್ದು ನ್ಯಾಷನಲ್ ಇನ್ಶೂರೆನ್ಸ್ ಕಂಪನಿ.

ಆ ಎರಡನೆಯ 50 ರೂಪಾಯಿ ಈ ಕ್ಷೇತ್ರದ ದೊಡ್ಡ ಆಲೋಚನೆಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಚಿಕಿತ್ಸೆ ಉಚಿತವಾಗಿದ್ದರೂ ಕೂಲಿಯವರು ಆಸ್ಪತ್ರೆಗೆ ಹೋಗಲು ಏಕೆ ಹಿಂಜರಿಯುತ್ತಾರೆ? ಮಲಗಿದರೆ ಅವರ ಕೂಲಿ ಇಲ್ಲ, ನೋಡಿಕೊಳ್ಳಲು ಜೊತೆಗೆ ಬಂದವರ ಕೂಲಿಯೂ ಇಲ್ಲ. ಹಾಗಾಗಿ ಮೊದಲು ಅಂಗಡಿಯ ಮಾತ್ರೆ, ಆಮೇಲೆ ನಾಟಿ ಔಷಧಿ, ಕೈಮೀರಿದ ಮೇಲೆ ಆಸ್ಪತ್ರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವರ್ಷಗಟ್ಟಲೆ ವೈದ್ಯರಾಗಿ ದುಡಿದ ಡಾ. ಎಚ್. ಸುದರ್ಶನ್ ಕಟ್ಟಿದ ಕರುಣಾ ಟ್ರಸ್ಟ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಡ ಕುಟುಂಬಗಳಿಗೆ ಉಳಿತಾಯ, ಸಾಲ, ವಿಮೆ ತಲುಪಿಸಲು ನಡೆದ ಪ್ರಯತ್ನಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮನೆಯ ಲೆಕ್ಕ ಬಲ್ಲವರೊಬ್ಬರು ಮನೆಗೂ ಸಂಸ್ಥೆಗೂ ನಡುವೆ ನಿಂತಲ್ಲೆಲ್ಲ ಕೆಲಸ ನಡೆದಿದೆ. ಅವರು ಇಲ್ಲದಲ್ಲಿ ಕಂತು ಮಾತ್ರ ವಸೂಲಾಗಿದೆ.

ಹಳ್ಳಿಗೆ ಮೊದಲು ಬಂದದ್ದು ಸಾಲ. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಊರವರೇ ಸದಸ್ಯರು, ಊರವರೇ ಜಾಮೀನು. ಉಳಿತಾಯದ ದಾರಿ ತೆರೆದದ್ದು ಕರಾವಳಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ನೇಕಾರರ ಸಂಕಷ್ಟ ನೋಡಿ ಸ್ಥಾಪಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೇ ಬಂದು ಪಡೆಯತೊಡಗಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ಹೋಯಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನವಾಯಿತು. ಆದರೂ ಪೇಟೆಯ ಹೂವಿನಂಗಡಿ, ತರಕಾರಿ ಅಂಗಡಿಗಳಲ್ಲಿ ಸಂಜೆ ಪಿಗ್ಮಿ ಕಟ್ಟಿಸಿಕೊಳ್ಳಲು ಬರುವವರನ್ನು ಕಾಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ವಿಮೆಯ ಕಥೆ ಬೇರೆ. ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗೆ ಜೀವ ವಿಮೆ ತಂದಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಮೂಲ ಅದೇ. ಸಂಬಳದಿಂದ ಕಡಿತ ಮಾಡುವುದು ಸುಲಭ. ಸಂಬಳವೇ ಇಲ್ಲದ, ಮಳೆಯನ್ನು ನಂಬಿದ ರೈತನಿಗೆ ಏನು ಮಾಡುವುದು? ಅದೇ ಸಂಸ್ಥಾನದ ಹಣಕಾಸು ಇಲಾಖೆಯಲ್ಲಿದ್ದ ಜೆ.ಎಸ್. ಚಕ್ರವರ್ತಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡರು. 1870ರಿಂದ 1914ರವರೆಗಿನ ಮಳೆಯ ದಾಖಲೆಗಳನ್ನು ಹರಡಿಕೊಂಡು, ಭಾರತದ ಸ್ಥಿತಿಗೆ ಹೊಂದುವ ಕೃಷಿ ವಿಮೆಯ ಯೋಜನೆಯೊಂದನ್ನು 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪ್ರತಿ ಹೊಲದ ನಷ್ಟ ಅಳೆಯುತ್ತ ಕೂರುವುದು ಬೇಡ, ಮಳೆ ಅಳೆಯೋಣ. ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆ ಬಿದ್ದರೆ ಆ ಪ್ರದೇಶದವರಿಗೆಲ್ಲ ಪರಿಹಾರ ಕೊಡೋಣ ಎಂಬುದು ಅದರ ತಿರುಳು. ಜಾರಿಯಾಗಲಿಲ್ಲ. ಇದೇ ಆಲೋಚನೆ 2003ರಲ್ಲಿ ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರ ಜಿಲ್ಲೆಯಲ್ಲಿ ಹೊಸದೆಂಬಂತೆ ಹುಟ್ಟಿತು. ಸಣ್ಣ ಸಾಲ ಕೊಡುವ ಬೇಸಿಕ್ಸ್ ಸಂಸ್ಥೆ ಮತ್ತು ವಿಮಾ ಕಂಪನಿ ಐಸಿಐಸಿಐ ಲೊಂಬಾರ್ಡ್ ಸೇರಿ 230 ಮಂದಿ ಶೇಂಗಾ ಮತ್ತು ಹರಳು ಬೆಳೆಗಾರರಿಗೆ ಮಳೆ ವಿಮೆ ಮಾರಿದವು. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಸರ್ಕಾರಿ ಯೋಜನೆಯಾಗಿ ಪ್ರಾಯೋಗಿಕವಾಗಿ ಶುರುವಾದಾಗ ಅದಕ್ಕೆ ಆರಿಸಿದ್ದು ಕರ್ನಾಟಕವನ್ನೇ. ಚಕ್ರವರ್ತಿಯವರ ಪುಸ್ತಕಕ್ಕೂ ಅದಕ್ಕೂ ನಡುವೆ 87 ವರ್ಷ ಕಳೆದಿತ್ತು.

ಈ ವಿಮೆಯ ಗುಣವೂ ದೋಷವೂ ಒಂದೇ ಕಡೆ ಇವೆ. ಯಾರೂ ತೋಟಕ್ಕೆ ಬಂದು ನೋಡಬೇಕಿಲ್ಲ, ಆದ್ದರಿಂದ ಖರ್ಚು ಕಡಿಮೆ, ಲಂಚಕ್ಕೆ ಎಡೆ ಕಡಿಮೆ. ಆದರೆ ಯಾರೂ ತೋಟಕ್ಕೆ ಬರುವುದೂ ಇಲ್ಲ. ಮಲೆನಾಡಿನಲ್ಲಿ ಗುಡ್ಡದ ಈಚೆ ಬಿಡದೆ ಮಳೆ ಸುರಿದು ಅಡಿಕೆಗೆ ಕೊಳೆರೋಗ ತಗುಲಿ ಕಾಯಿ ಉದುರುತ್ತಿದ್ದರೂ, ಗುಡ್ಡದ ಆಚೆಯ ಪಂಚಾಯಿತಿ ಕಟ್ಟಡದ ಮೇಲಿನ ಮಳೆಮಾಪಕ ಬೇರೆ ಅಂಕಿ ತೋರಿಸಬಹುದು. ಮಾಪಕ ಕೆಟ್ಟು ಕೂತಿತ್ತು ಎಂಬ ದೂರು ಕರಾವಳಿ ಮತ್ತು ಮಲೆನಾಡಿನಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಕಂತು ಕಟ್ಟಿದ ರೈತ ಆಗ ಯಾರನ್ನು ಕೇಳಬೇಕು? ಸಹಕಾರ ಸಂಘದ ಕಾರ್ಯದರ್ಶಿ ಅರ್ಜಿ ತೆಗೆದುಕೊಂಡವರು ಮಾತ್ರ. ವಿಮಾ ಕಂಪನಿಯ ಪ್ರತಿನಿಧಿಯನ್ನು ಊರಲ್ಲಿ ಕಂಡವರಿಲ್ಲ.

ಬ್ಯಾಂಕುಗಳ ರಾಷ್ಟ್ರೀಕರಣ, 1975ರ ನಂತರದ ಗ್ರಾಮೀಣ ಬ್ಯಾಂಕುಗಳು, ಸಾಲಮೇಳ ಇವೆಲ್ಲ ಶಾಖೆಗಳನ್ನು ಹಳ್ಳಿಗೆ ತಂದವು. ಶಾಖೆಯೊಳಗೆ ಬಡ ಹೆಂಗಸರನ್ನು ಕರೆತಂದದ್ದು ಸಂಘಗಳು. 1984-85ರ ಸುಮಾರಿಗೆ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಅವುಗಳಿಂದ ಹೊರಬಿದ್ದವರು ಪರಸ್ಪರ ನಂಬಿಕೆಯ ಮೇಲೆ ಸಣ್ಣ ಸಣ್ಣ ಗುಂಪು ಮಾಡಿಕೊಂಡಿದ್ದನ್ನು ಮೈರಾಡ ಸಂಸ್ಥೆ ಗಮನಿಸಿತು. ಅದರ ನೇತೃತ್ವ ವಹಿಸಿದ್ದ ಅಲೋಶಿಯಸ್ ಫರ್ನಾಂಡಿಸ್ ಹೊಸದೊಂದನ್ನು ಹೇರುವ ಬದಲು ಇದ್ದದ್ದನ್ನು ಬಲಪಡಿಸಿದರು. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಇದಕ್ಕೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು; 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇವತ್ತು ನಾವು ಸ್ವಸಹಾಯ ಸಂಘ ಎನ್ನುವುದು ಬಹುಮಟ್ಟಿಗೆ ಅಲ್ಲಿಂದ ಬೆಳೆದದ್ದು.

ಸಂಘದ ಸಾಲದ ಕಂತು ಏಕೆ ನಿಲ್ಲುತ್ತದೆ ಎಂದು ಹುಡುಕಿಕೊಂಡು ಹೋದವರೇ ವಿಮೆಗೆ ಬಂದು ತಲುಪಿದರು. ಅಹಮದಾಬಾದಿನಲ್ಲಿ ಇಳಾ ಭಟ್ ಅವರ ಸೇವಾ ಸಂಘಟನೆಯ 4,000 ಹೆಂಗಸರು ತಲಾ 10 ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕ್ ಕಟ್ಟಿದ್ದರು. ಕಂತು ತಪ್ಪಿದವರ ಮನೆಗೆ ಹೋಗಿ ನೋಡಿದರೆ ಕಂಡದ್ದು ಕಾಯಿಲೆ, ಹೆರಿಗೆ, ಸಾವು. ಕೊಟ್ಟ ಸಾಲ ವ್ಯಾಪಾರಕ್ಕೆ ಹೋಗದೆ ಆಸ್ಪತ್ರೆಗೆ ಹೋಗಿತ್ತು. 1992ರಲ್ಲಿ ಅವರು ವಿಮೋ ಸೇವಾ ಶುರುಮಾಡಿದರು, 2009ರಲ್ಲಿ ಅದು ಹೆಂಗಸರದೇ ವಿಮಾ ಸಹಕಾರ ಸಂಘವಾಯಿತು. ಬ್ಯಾಂಕಿಂಗ್ ಮತ್ತು ವಿಮೆ ಎಂಬ ಎರಡು ಇಲಾಖೆಗಳು ಕಾಗದದ ಮೇಲೆ ಬೇರೆ. ಬಡವರ ಮನೆಯಲ್ಲಿ ಅವು ಒಂದೇ ಡಬ್ಬಿಯ ದುಡ್ಡು. ಇಳಾ ಭಟ್ ಇಡೀ ಜೀವನ ದುಡಿದದ್ದು ಈ ತಿಳಿವಳಿಕೆಯ ಮೇಲೆ.

ಕರ್ನಾಟಕದ ಅತಿ ಧೈರ್ಯದ ಪ್ರಯೋಗ ಯಶಸ್ವಿನಿ ಆರೋಗ್ಯ ಯೋಜನೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಲೆಕ್ಕ ಸರಳವಾಗಿತ್ತು: ಲಕ್ಷಾಂತರ ರೈತರು ತಿಂಗಳಿಗೆ 5 ರೂಪಾಯಿ ಕೊಟ್ಟರೆ, ಅವರಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವ ಕೆಲವರ ಖರ್ಚು ಅದರಲ್ಲೇ ಹೊಂದುತ್ತದೆ. ರಾಜ್ಯದಲ್ಲಿ ಸಹಕಾರ ಸಂಘಗಳ ಜಾಲ ಮೊದಲೇ ಇತ್ತು. 2003ರ ಜೂನ್‌ನಲ್ಲಿ ಜಾರಿಯಾದಾಗ ವರ್ಷಕ್ಕೆ 60 ರೂಪಾಯಿ ವಂತಿಗೆ, ಅದರ ಮೇಲೆ ಸರ್ಕಾರದ 30. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ವಿಮಾ ಕಂಪನಿಯನ್ನು ನೆಚ್ಚಿಕೊಳ್ಳದೆ ಯಶಸ್ವಿನಿಯದೇ ಟ್ರಸ್ಟ್ ಹೊಣೆ ಹೊತ್ತಿತು. ಬೆಳಿಗ್ಗೆ ಹಾಲಿನ ಫ್ಯಾಟ್ ನೋಡಿ ಪುಸ್ತಕದಲ್ಲಿ ಬರೆಯುವ ಡೇರಿ ಕಾರ್ಯದರ್ಶಿಯೇ ಯಶಸ್ವಿನಿಯ ರಸೀತಿಯನ್ನೂ ಬರೆದುಕೊಟ್ಟರು. ವಿಮಾ ಏಜೆಂಟನನ್ನು ನಂಬದವರೂ ದಿನಾ ಮುಖ ನೋಡುವ ಕಾರ್ಯದರ್ಶಿಯನ್ನು ನಂಬುತ್ತಾರೆ.

ಕೊರತೆಗಳೂ ಇದ್ದವು. ಶಸ್ತ್ರಚಿಕಿತ್ಸೆಗಷ್ಟೇ ಒತ್ತು ಕೊಟ್ಟದ್ದರಿಂದ ಸಕ್ಕರೆ ಕಾಯಿಲೆ, ಕ್ಷಯ, ಸಾಮಾನ್ಯ ಜ್ವರಗಳ ಖರ್ಚು ಮನೆಯ ತಲೆಯ ಮೇಲೇ ಉಳಿಯಿತು. ವಂತಿಗೆಯನ್ನು 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ ಕುಸಿಯಿತು. ತಲಾ 60 ರೂಪಾಯಿಯ ವ್ಯತ್ಯಾಸ ಒಂದು ಕುಟುಂಬಕ್ಕೆ ಎಷ್ಟು ದೊಡ್ಡದು ಎಂಬುದು ಆಗ ಗೊತ್ತಾಯಿತು. 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಿ ನಿಲ್ಲಿಸಿದ ಯಶಸ್ವಿನಿಯನ್ನು ಸಹಕಾರಿಗಳ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ತರಬೇಕಾಯಿತು. ಈಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಪುಕ್ಕಟೆಯ ದೊಡ್ಡ ಯೋಜನೆ ಇದ್ದಾಗಲೂ ಜನ ದುಡ್ಡು ಕೊಡುವ ಯೋಜನೆಯನ್ನು ಮರಳಿ ಕೇಳಿದರು ಎಂಬುದು ಯೋಚಿಸಬೇಕಾದ ವಿಷಯ.

ದೆಹಲಿಯ ಹೆಜ್ಜೆಗಳನ್ನು ಬೇಗ ಹೇಳಬಹುದು. 2005ರಲ್ಲಿ ವಿಮಾ ನಿಯಂತ್ರಕರು ಸಣ್ಣ ವಿಮೆಗೇ ಪ್ರತ್ಯೇಕ ನಿಯಮ ತಂದು, ಸ್ವಯಂಸೇವಾ ಸಂಸ್ಥೆಗಳೂ ಸ್ವಸಹಾಯ ಸಂಘಗಳೂ ಏಜೆಂಟರಾಗಲು ದಾರಿ ಮಾಡಿದರು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 30 ರೂಪಾಯಿ ನೋಂದಣಿಗೆ 30,000 ರೂಪಾಯಿಯ ರಕ್ಷಣೆ ಕೊಟ್ಟಿತು. 2018ರ ಆಯುಷ್ಮಾನ್ ಭಾರತ್ ಅದನ್ನು 5 ಲಕ್ಷಕ್ಕೆ ಏರಿಸಿತು.

ಇದೇ ಕಾಲದಲ್ಲಿ ಸಾಲದ ಕಡೆ ಕೆಟ್ಟದ್ದೂ ನಡೆಯಿತು. 2009ರಲ್ಲಿ ಕೋಲಾರದ ರೇಷ್ಮೆ ನೂಲು ತೆಗೆಯುವ ಕುಟುಂಬಗಳು ಮೈಕ್ರೋಫೈನಾನ್ಸ್ ಕಂತು ಕಟ್ಟುವುದನ್ನೇ ನಿಲ್ಲಿಸಿದವು. ಮರುವರ್ಷ ಆಂಧ್ರದಲ್ಲಿ ಸುಗ್ರೀವಾಜ್ಞೆ, ಆಮೇಲೆ ಈ ಕ್ಷೇತ್ರವನ್ನು ಪರಿಶೀಲಿಸಲು ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಂ ಸಮಿತಿ. ಆದರೂ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ತಾನೂ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ವಾರದ ಕಂತಿನವರು ಮನೆ ಬಾಗಿಲಿಗೆ ಬರುತ್ತಾರೆ ನಿಜ. ಆದರೆ ಪಿಗ್ಮಿಯವರು ಬಂದದ್ದು ಮನೆಯವರ ದುಡ್ಡು ಉಳಿಸಲು, ಇವರು ಬರುವುದು ಕಂಪನಿಯ ದುಡ್ಡು ಉಳಿಸಲು. ಸಾಲದ ಜೊತೆ ಕಡ್ಡಾಯವಾಗಿ ಅಂಟಿಸುವ ಜೀವ ವಿಮೆಯಲ್ಲಿಯೂ ಸಾಲಗಾರ ತೀರಿಕೊಂಡರೆ ಮೊದಲು ತೀರುವುದು ಬಾಕಿ. ಇದನ್ನು ಬಡವರ ವಿಮೆಯ ಲೆಕ್ಕಕ್ಕೆ ಸೇರಿಸಿ ಅಂಕಿ ಹಿಗ್ಗಿಸುವುದು ನನಗೆ ಸರಿ ಕಾಣುವುದಿಲ್ಲ.

2014ರ ಜನಧನ್ ಖಾತೆಗಳು 2023ರ ಹೊತ್ತಿಗೆ 50 ಕೋಟಿ ದಾಟಿದವು. ಅವುಗಳ ಮೇಲೆ 2015ರ ಮೇ 9ರಂದು ಎರಡು ವಿಮೆಗಳು ಬಂದವು. ಜೀವನ್ ಜ್ಯೋತಿಗೆ ಈಗ ವರ್ಷಕ್ಕೆ 436 ರೂಪಾಯಿ, ಅಪಘಾತದ ಸುರಕ್ಷಾ ಬಿಮಾಗೆ 20; ಎರಡರಲ್ಲೂ 2 ಲಕ್ಷ. ಇಷ್ಟು ಅಗ್ಗದಲ್ಲಿ ಇಷ್ಟು ಜನರಿಗೆ ವಿಮೆ ಹಿಂದೆಂದೂ ಸಿಕ್ಕಿರಲಿಲ್ಲ, ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಕಂತು ಮೇ ಕೊನೆಯ ವಾರದಲ್ಲಿ ತಾನಾಗಿಯೇ ಕಡಿತವಾಗುತ್ತದೆ. ಬಿತ್ತನೆ ಬೀಜ, ಮಕ್ಕಳ ಶಾಲೆ ಎಂದು ಖಾತೆ ಬರಿದಾಗುವ ದಿನಗಳವು. ದುಡ್ಡಿಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ದುಡ್ಡಿದ್ದು ಕಡಿತವಾದರೂ ಅದು ಪಾಸ್‌ಬುಕ್ಕಿನ ಒಂದು ಸಾಲು ಅಷ್ಟೆ. ಹೆಂಡತಿಗೆ, ಮಕ್ಕಳಿಗೆ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ನೋಡಿ. ಕಾಯಿ ಕೀಳುವಾಗ ಮರದಿಂದ ಬಿದ್ದೋ ಹಾವು ಕಚ್ಚಿಯೋ ತೀರಿಕೊಂಡವರ ಮನೆಯವರು ಸುರಕ್ಷಾ ಬಿಮಾದ ಪರಿಹಾರಕ್ಕೆ ಅರ್ಹರು. ಪೊಲೀಸ್ ದೂರು ಬೇಕೇಬೇಕೆಂದಿಲ್ಲ, ಆದರೆ ತಕ್ಷಣದ ಆಸ್ಪತ್ರೆ ದಾಖಲೆ ಇರಬೇಕು. ಹಾವು ಕಚ್ಚಿದವರನ್ನು ಮೊದಲು ಮಂತ್ರ ಹಾಕುವವರ ಬಳಿ, ಸೊಂಟ ಮುರಿದವರನ್ನು ನಾಟಿ ವೈದ್ಯರ ಬಳಿ ಒಯ್ಯುವ ಊರುಗಳಲ್ಲಿ ಆ ಒಂದು ಚೀಟಿ ಹುಟ್ಟುವುದೇ ಇಲ್ಲ. ದಾರಿಯಲ್ಲಿ ಜೀವ ಹೋದರೆ ಅಂತ್ಯಸಂಸ್ಕಾರ ಮುಗಿಯುವ ಹೊತ್ತಿಗೆ 2 ಲಕ್ಷವೂ ಹೋಗಿರುತ್ತದೆ. "ಮೊದಲು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಚೀಟಿ ಇಟ್ಕೊಳ್ಳಿ" ಎಂದು ಆ ಗಳಿಗೆಯಲ್ಲಿ ಹೇಳುವ ಒಬ್ಬರಿದ್ದರೆ ವಿಮೆಯಷ್ಟೇ ಅಲ್ಲ, ಕೆಲವೊಮ್ಮೆ ಜೀವವೂ ಉಳಿದೀತು.

ವಿಮಾ ನಿಯಂತ್ರಕ ಪ್ರಾಧಿಕಾರ 2023ರಲ್ಲಿ ರೂಪಿಸಿದ ಬಿಮಾ ವಾಹಕ್ ವ್ಯವಸ್ಥೆ ಈ ಜಾಗವನ್ನು ತುಂಬಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಮುಖ್ಯವಾಗಿ ಹೆಂಗಸರನ್ನೇ ನೇಮಿಸಿಕೊಳ್ಳುವ ಯೋಜನೆ ಅದು. ಎಷ್ಟೋ ಸಂಘಗಳಲ್ಲಿ ಪುಸ್ತಕ ಬರೆಯುವ, ಬ್ಯಾಂಕಿಗೆ ಓಡಾಡುವ ಅನುಭವವಿರುವ ಹೆಂಗಸರು ಈಗಾಗಲೇ ಇದ್ದಾರೆ. ಅವರಿಗೆ ಇದು ಗೌರವದ ಉದ್ಯೋಗವಾಗಬೇಕಾದರೆ ಸಂಭಾವನೆಯ ಲೆಕ್ಕ ಬದಲಾಗಬೇಕು. ಮಾಡಿಸಿದ ಪಾಲಿಸಿಗೆ ಕಮಿಷನ್ ಕೊಟ್ಟರೆ ಪಾಲಿಸಿಗಳು ಹೆಚ್ಚುತ್ತವೆ. ಕೊಡಿಸಿದ ಪರಿಹಾರಕ್ಕೂ ಕೂಲಿ ಸಿಗಬೇಕು. ಊರಲ್ಲಿ ಯಾರೇ ತೀರಿಕೊಂಡಾಗ ಮರಣ ಪ್ರಮಾಣಪತ್ರದ ಅರ್ಜಿ ಬರೆಯುವ ದಿನವೇ ಅವರ ಖಾತೆಯಲ್ಲಿ 436 ಅಥವಾ 20 ರೂಪಾಯಿ ಕಡಿತವಾಗಿತ್ತೇ ಎಂದು ಪರಿಶೀಲಿಸಿ, ನಾಮಿನಿಯನ್ನು ಬ್ಯಾಂಕಿಗೆ ಕರೆದೊಯ್ದು ಕ್ಲೇಮು ಅರ್ಜಿ ತುಂಬಿಸುವುದು ಅವರ ಮೊದಲ ಕರ್ತವ್ಯವಾಗಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಹೊಸ ಕಾರ್ಡೂ ಬೇಕಿಲ್ಲ. ಮರಣ ನೋಂದಣಿ ಪುಸ್ತಕ ಒಂದು ಕಡೆ, ಬ್ಯಾಂಕಿನ ವಿಮಾದಾರರ ಪಟ್ಟಿ ಇನ್ನೊಂದು ಕಡೆ ಈಗಲೂ ಇವೆ. ಅವೆರಡನ್ನೂ ತಿಂಗಳಿಗೊಮ್ಮೆ ಪಕ್ಕದಲ್ಲಿಟ್ಟು ಓದುವಂತೆ ಜಿಲ್ಲಾ ಲೀಡ್ ಬ್ಯಾಂಕ್ ಮತ್ತು ಜಿಲ್ಲಾ ಪಂಚಾಯಿತಿ ಆದೇಶ ಮಾಡಿದರೆ ಸಾಕು.