ರೈಲ್ವೆ ಹಡಗಿನ ಕಪ್ತಾನ

ರೈಲ್ವೆ ನೌಕರನೆಂದರೆ ಹಸಿರು ಬಾವುಟದ ಗಾರ್ಡು, ಸುತ್ತಿಗೆ ಹೊತ್ತ ಗ್ಯಾಂಗ್‌ಮನ್ನು, ಹೆಚ್ಚೆಂದರೆ ಕಿಂಡಿಯ ಹಿಂದೆ ಕುಳಿತ ಟಿಕೇಟು ಗುಮಾಸ್ತ, ಇವರೇ ನಮ್ಮ ಕಣ್ಣಿಗೆ ಕಟ್ಟುವವರು. ‘ನೌಕರ’ ಎಂಬ ಮಾತು ಪಾರಸಿಯ ಕಡೆಯಿಂದ ಬಂದದ್ದು, ‘ನೌಕೆ’ ಸಂಸ್ಕೃತದ್ದು. ಶಬ್ದಗಳಿಗೆ ನಂಟಿಲ್ಲದಿದ್ದರೂ ಬಾಳಿನಲ್ಲಿ ಆ ನಂಟನ್ನು ಬೆಸೆದುಕೊಂಡವರು ಇಂಗ್ಲೆಂಡಿನಲ್ಲಿ ಅನೇಕರಿದ್ದರು. ಅಲ್ಲಿಯ ರೈಲು ಕಂಪನಿಗಳು ಹಳಿ ಮುಗಿಯುವ ಕಡಲತಡಿಯಲ್ಲಿ ತಮ್ಮದೇ ಹಬೆಹಡಗುಗಳನ್ನು ಇಟ್ಟಿದ್ದವು. ಗ್ರೇಟ್ ಈಸ್ಟರ್ನ್ ರೈಲ್ವೆಯ ಹಡಗುಗಳು ಹಾರ್ವಿಚ್ ಬಂದರಿನಿಂದ ಹಾಲೆಂಡಿಗೂ ಬೆಲ್ಜಿಯಮ್ಮಿಗೂ ಹೋಗಿಬರುತ್ತಿದ್ದವು. ಆ ಹಡಗುಗಳಲ್ಲಿ ದುಡಿದ ಚಾರ್ಲ್ಸ್ ಫ್ರಯಾಟ್ ಎಂಬಾತನ ಕಥೆ ಇದು.

ಫ್ರಯಾಟ್ ಹುಟ್ಟಿದ್ದು 1872ರಲ್ಲಿ, ಸೌತಾಂಪ್ಟನ್ನಿನಲ್ಲಿ. ತಂದೆಯೂ ಇದೇ ಕಂಪನಿಯ ಹಡಗಿನಲ್ಲಿದ್ದವನು. ಮಗ 1892ರಲ್ಲಿ ಸಾಮಾನ್ಯ ನಾವಿಕನಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ ಕಪ್ತಾನನಾದ. ಮದುವೆಯಾಗಿ ಏಳು ಮಕ್ಕಳ ತಂದೆಯಾದ. ಯುದ್ಧವೊಂದು ಬಾರದೆ ಇದ್ದಿದ್ದರೆ ಪಿಂಚಣಿ ಪಡೆದು ಮನೆಯಲ್ಲಿ ಕೂರಬೇಕಾಗಿದ್ದ ಮನುಷ್ಯ. ಇತಿಹಾಸಕ್ಕೆ ಅವನ ಹೆಸರು ಬೇಕಾಗಿರಲಿಲ್ಲ.

1914ರಲ್ಲಿ ಯುದ್ಧ ಬಂದಿತು. ಮರುವರ್ಷ ಫೆಬ್ರವರಿ 18ರಿಂದ ಬ್ರಿಟನ್ನಿನ ಸುತ್ತಲ ಕಡಲೆಲ್ಲ ಯುದ್ಧವಲಯವೆಂದು ಜರ್ಮನಿ ಸಾರಿತು. ಅಲ್ಲಿ ಸಿಕ್ಕ ವ್ಯಾಪಾರದ ಹಡಗನ್ನೂ ಜಲಾಂತರ್ಗಾಮಿಗಳು ಮುಳುಗಿಸಬಹುದು. ಇತ್ತ ಬ್ರಿಟಿಷ್ ನೌಕಾಖಾತೆ ವ್ಯಾಪಾರಿ ಕಪ್ತಾನರಿಗೆ ಗುಟ್ಟಾಗಿ ಸೂಚನೆ ಕೊಟ್ಟಿತು: ಜಲಾಂತರ್ಗಾಮಿಯಿಂದ ಓಡಿಹೋಗಿ, ಅದು ಮುಂದೆಯೇ ಎದ್ದು ನಿಂತರೆ ಹಡಗಿನ ಮೂತಿಯನ್ನು ನೇರ ಅದರ ಮೇಲೆಯೇ ತಿರುಗಿಸಿ. ಸೂಚನೆ ಬಂತು; ಸೈನಿಕನ ಸಮವಸ್ತ್ರ ಬರಲಿಲ್ಲ. ಮುಂದಿನ ಅನಾಹುತದ ಬೇರು ಇಲ್ಲಿಯೇ ಇದೆ ಎಂದು ನನ್ನ ಎಣಿಕೆ.

1915ರ ಮಾರ್ಚ್ 2ರಂದು ಫ್ರಯಾಟ್ ನಡೆಸುತ್ತಿದ್ದ ‘ರೆಕ್ಸ್‌ಹ್ಯಾಮ್’ ಹಡಗನ್ನು ಒಂದು ಜಲಾಂತರ್ಗಾಮಿ ಬೆನ್ನಟ್ಟಿತು. ಸುಮಾರು 40 ನಾವಿಕ ಮೈಲಿಯ ಓಟ. ಮೇಲಟ್ಟದ ಆಳುಗಳೂ ಕೆಳಗಿಳಿದು ಒಲೆಗೆ ಕಲ್ಲಿದ್ದಲು ತುಂಬಿದರು. 14 ನಾಟ್ ವೇಗದ ಹಡಗು 16 ನಾಟ್ ಓಡಿತು. ರಾಟರ್ಡ್ಯಾಮ್ ಮುಟ್ಟುವಾಗ ಹೊಗೆಕೊಳವೆಗಳು ಸುಟ್ಟು ಹೋಗಿದ್ದವು! ಕಂಪನಿ ಅವನಿಗೆ ಚಿನ್ನದ ಗಡಿಯಾರವನ್ನು ಬಹುಮಾನ ಕೊಟ್ಟಿತು.

ಅದೇ ತಿಂಗಳ 28ರಂದು ಅವನು ‘ಬ್ರಸೆಲ್ಸ್’ ಎಂಬ 1,380 ಟನ್ನಿನ ಹಡಗಿನಲ್ಲಿದ್ದ. ಮಾಸ್ ನದಿಯ ಮುಖದ ದೀಪದ ಹಡಗಿನ ಬಳಿ ಯು-33 ಎಂಬ ಜಲಾಂತರ್ಗಾಮಿ ಮೇಲೆದ್ದು ‘ನಿಲ್ಲು’ ಎಂದು ಸಂಜ್ಞೆ ಮಾಡಿತು. ಈ ಸಲ ಓಡಲು ಎಡೆಯಿರಲಿಲ್ಲ. ಫ್ರಯಾಟ್ ಪೂರ್ಣವೇಗದಿಂದ ಹಡಗನ್ನು ಅದರ ಮೇಲೆಯೇ ಹರಿಸಿದ. ಯು-33 ಅವಸರವಸರವಾಗಿ ಮುಳುಗಿ ತಪ್ಪಿಸಿಕೊಂಡಿತು. ಅಂದೇ ಬೇರೊಂದು ಕಡೆ ‘ಫಲಾಬಾ’ ಎಂಬ ಪ್ರಯಾಣಿಕರ ಹಡಗು ಜರ್ಮನರ ಆಜ್ಞೆಯಂತೆ ನಿಂತಿತು. ಅದನ್ನು ಮುಳುಗಿಸಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. ನಿಂತಿದ್ದರೆ ತನ್ನ ಗತಿ ಏನಾಗಬಹುದಿತ್ತೆಂದು ಫ್ರಯಾಟನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೌಕಾಖಾತೆ ಎರಡನೆಯ ಚಿನ್ನದ ಗಡಿಯಾರವನ್ನು ಕೊಟ್ಟಿತು. ಅದರ ಮೇಲೆ ಆ ದಿನದ ಸಾಹಸವನ್ನು ಕೆತ್ತಿಸಿತ್ತು. ಪಾರ್ಲಿಮೆಂಟಿನಲ್ಲೂ ಹೊಗಳಿಕೆಯಾಯಿತು. ಶತ್ರುವಿನ ಕಡಲಂಚಿನಲ್ಲೇ ವಾರವಾರ ಓಡಾಡುವವನ ಹೆಸರನ್ನು ಹೀಗೆ ಡಂಗುರ ಸಾರಬಾರದಾಗಿತ್ತು.

1916ರ ಜೂನ್ 22ರ ರಾತ್ರಿ ‘ಬ್ರಸೆಲ್ಸ್’ ಹಾಲೆಂಡಿನಿಂದ ಹೊರಟಿತು. ಐದು ಜರ್ಮನ್ ವಿನಾಶಕ ನೌಕೆಗಳು ಮುತ್ತಿಕೊಂಡು ಅದನ್ನು ಝೀಬ್ರುಗ್ಗೆಗೆ ಎಳೆದೊಯ್ದವು. ಕಪ್ತಾನನನ್ನು ಬರ್ಲಿನ್ ಬಳಿಯ ರೂಲೆಬೆನ್ ಶಿಬಿರದಲ್ಲಿಟ್ಟರು. ಗಡಿಯಾರದ ಮೇಲಿನ ಬರಹವೇ ಅವನ ವಿರುದ್ಧ ಸಾಕ್ಷಿಯಾಯಿತು. ಅಮೆರಿಕದ ರಾಯಭಾರಿಯ ಮೂಲಕ ಬ್ರಿಟನ್ ಅವನ ಪರವಾಗಿ ವಾದಿಸಲು ಅವಕಾಶ ಕೇಳಿತು. ಜರ್ಮನರು ವಿಚಾರಣೆಯನ್ನು ಮುಂದೂಡಲಿಲ್ಲ. ಜುಲೈ 27ರಂದು ಬ್ರೂಜ್ ಪಟ್ಟಣದ ಪುರಭವನದಲ್ಲಿ ಸೈನಿಕ ನ್ಯಾಯಾಲಯ ಸೇರಿತು. ಆರೋಪ ಇಷ್ಟೆ: ಈತ ಸೈನಿಕನಲ್ಲ, ಸೈನಿಕನಲ್ಲದವನು ಯುದ್ಧಕರ್ಮ ಮಾಡಿದ್ದಾನೆ. ತೀರ್ಪು ಮರಣದಂಡನೆ. ಅಂದೇ ಸಂಜೆ ಏಳು ಗಂಟೆಗೆ ಗುಂಡಿಕ್ಕಿ ಕೊಂದರು. ಅವನಿಗೆ 43 ವರ್ಷ. ಅವನು ಮುಳುಗಿಸಿದನೆನ್ನಬಹುದಾದ ಯು-33 ಮುಳುಗಿರಲೇ ಇಲ್ಲ. ಯುದ್ಧ ಮುಗಿಯುವವರೆಗೂ ಸುಖವಾಗಿ ತೇಲಿಕೊಂಡಿತ್ತು.

ನಮ್ಮ ಭೀಷ್ಮಪರ್ವದಲ್ಲಿ ಯುದ್ಧಕ್ಕೆ ಮುನ್ನ ಉಭಯಪಕ್ಷದವರೂ ಕಟ್ಟಳೆ ಮಾಡಿಕೊಳ್ಳುತ್ತಾರೆ: ಸಾರಥಿಗಳನ್ನೂ, ಆಯುಧ ಹೊತ್ತು ತರುವವರನ್ನೂ, ಭೇರಿ ಶಂಖಗಳನ್ನು ನುಡಿಸುವವರನ್ನೂ ಹೊಡೆಯಬಾರದು ಎಂದು. ಆದರೆ ತನ್ನ ಮೇಲೆ ಬಾಣ ಹೂಡಿದವನ ಮೇಲೆ ಸಾರಥಿಯೇ ರಥವನ್ನು ಹರಿಸಿದರೆ? ಬ್ರೂಜಿನ ನ್ಯಾಯಾಧೀಶರ ಮುಂದಿದ್ದದ್ದು ಇದೇ ಪ್ರಶ್ನೆ. ಅದಕ್ಕೆ ಎರಡು ಬಗೆಯ ಉತ್ತರ ಸಾಧ್ಯವೆಂದೇ ಒಪ್ಪೋಣ. ಆದರೆ ಒಂದೇ ಹಗಲಿನಲ್ಲಿ ವಿಚಾರಣೆ, ತೀರ್ಪು, ಸಾವು ಮೂರನ್ನೂ ಮುಗಿಸುವ ಆತುರಕ್ಕೆ ಯಾವ ಶಾಸ್ತ್ರದಲ್ಲಿಯೂ ಸಮರ್ಥನೆ ಸಿಗಲಾರದು. 1919ರಲ್ಲಿ ಜರ್ಮನರದೇ ಒಂದು ಸಮಿತಿ ತೀರ್ಪನ್ನು ಮತ್ತೆ ಪರಿಶೀಲಿಸಿ, ತೀರ್ಪು ಸರಿಯೆಂದಿತು. ಆತುರಕ್ಕೆ ಮಾತ್ರ ವಿಷಾದ ಸೂಚಿಸಿತು.

ವಿಧವೆ ಎಥೆಲ್‌ಳಿಗೆ ರೈಲ್ವೆ ಕಂಪನಿ ವರ್ಷಕ್ಕೆ 250 ಪೌಂಡು ಪಿಂಚಣಿ ಗೊತ್ತುಮಾಡಿತು. ಸರ್ಕಾರ ತಾನೂ 100 ಪೌಂಡು ಸೇರಿಸಿತು. ಸೂಚನೆ ಕೊಟ್ಟದ್ದು ಸರ್ಕಾರ, ಹೆಚ್ಚು ಕೊಟ್ಟದ್ದು ಕಂಪನಿ! 1919ರ ಜುಲೈ 8ರಂದು ಬೆಲ್ಜಿಯಮ್ಮಿನಿಂದ ದೇಹವನ್ನು ತಂದು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ಗೌರವಿಸಿ, ಹಾರ್ವಿಚ್ ಬಳಿಯ ಡೋವರ್‌ಕೋರ್ಟಿನಲ್ಲಿ ಸಮಾಧಿ ಮಾಡಿದರು. ದೇಹವನ್ನು ತಂದದ್ದು ಒಂದು ಸರಕು ವ್ಯಾನಿನಲ್ಲಿ. ಬ್ರಸೆಲ್ಸ್ ನಗರದಲ್ಲಿ ಜರ್ಮನರು ಕೊಂದ ದಾದಿ ಎಡಿತ್ ಕ್ಯಾವೆಲ್‌ಳ ದೇಹ ಅದೇ ವರ್ಷ ಬಂದದ್ದೂ ಅದರಲ್ಲಿಯೇ. ಮರುವರ್ಷ ‘ಅಜ್ಞಾತ ಯೋಧ’ನ ದೇಹ ಬಂದದ್ದೂ ಅದರಲ್ಲಿಯೇ. ಆ ವ್ಯಾನನ್ನು ಕಾಪಾಡಿಟ್ಟಿದ್ದಾರೆ. ಕೆನಡದ ರಾಕಿ ಪರ್ವತಗಳಲ್ಲಿ ಒಂದು ಶಿಖರಕ್ಕೆ ಫ್ರಯಾಟನ ಹೆಸರನ್ನೂ ನೆರೆಯ ಶಿಖರಕ್ಕೆ ‘ಬ್ರಸೆಲ್ಸ್’ ಎಂಬ ಹೆಸರನ್ನೂ ಇಟ್ಟಿದ್ದಾರೆ.

ಹಡಗಿನ ಗತಿಯನ್ನೂ ಹೇಳಿಬಿಡಬೇಕು. 1918ರಲ್ಲಿ ಹಿಮ್ಮೆಟ್ಟುವಾಗ ಜರ್ಮನರು ಅದನ್ನು ಝೀಬ್ರುಗ್ಗೆಯಲ್ಲಿ ಮುಳುಗಿಸಿ ಹೋದರು. ಯುದ್ಧಾನಂತರ ಮೇಲೆತ್ತಿ ರಿಪೇರಿ ಮಾಡಿದರು. ಅನಂತರ ಅದು ಕೆಲವು ಕಾಲ ದನಗಳನ್ನು ಸಾಗಿಸುತ್ತಿದ್ದು, 1929ರಲ್ಲಿ ಗುಜರಿಗೆ ಹೋಯಿತು.