ಎಳೆಯ ಮಕ್ಕಳ ಲ್ಯುಕೀಮಿಯಾ: ಸೆಂಬವಾಂಗ್‌ನ ಕುಟುಂಬಗಳ ನೆಲೆಯಿಂದ

ಲ್ಯುಕೀಮಿಯಾ ಎಂದರೆ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಅತಿ ಸಾಮಾನ್ಯ. ಮಕ್ಕಳ ಲ್ಯುಕೀಮಿಯಾದಲ್ಲಿ ಸುಮಾರು ಮುಕ್ಕಾಲು ಪಾಲು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ, ಅಂದರೆ ಎಎಲ್‌ಎಲ್. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಅತಿ ಹೆಚ್ಚು. ಮಗು ಸಪ್ಪಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಮೈಮೇಲೆ ಕಾರಣವಿಲ್ಲದೆ ನೀಲಿ ಗುರುತು ಮೂಡುತ್ತದೆ, ಓಡಾಡುತ್ತಿದ್ದ ಮಗು ಕಾಲು ನೋವೆಂದು ಎತ್ತಿಕೊಳ್ಳಲು ಹಟ ಮಾಡುತ್ತದೆ. ಇವುಗಳಲ್ಲಿ ಹಲವು ಸಾಮಾನ್ಯ ವೈರಲ್ ಜ್ವರದಲ್ಲೂ ಕಾಣುವುದರಿಂದ ಮೊದಲ ಕೆಲವು ವಾರ ಯಾರಿಗೂ ಅನುಮಾನ ಬಾರದಿರುವುದು ಸಹಜ. ಡೆಂಗ್ಯೂ ಆಗಾಗ ಹಬ್ಬುವ ಸಿಂಗಪುರದಲ್ಲಂತೂ ಪ್ಲೇಟ್‌ಲೆಟ್ ಇಳಿದಿದೆ ಎಂದರೆ ತಂದೆತಾಯಿಗೆ ಮೊದಲು ಹೊಳೆಯುವುದು ಸೊಳ್ಳೆಯೇ.

ಇಂದು ಒಳ್ಳೆಯ ಚಿಕಿತ್ಸೆ ಸಿಗುವ ಕಡೆ ಎಎಲ್‌ಎಲ್ ಬಂದ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಆದರೆ ಆ ಗುಣ ಎರಡು ವರ್ಷಕ್ಕೂ ಮೀರಿದ ಚಿಕಿತ್ಸೆಯ ಕೊನೆಯಲ್ಲಿ ಸಿಗುವಂಥದ್ದು. ಅದರ ಹೆಚ್ಚಿನ ದಿನಗಳು ಕಳೆಯುವುದು ವಾರ್ಡಿನಲ್ಲಲ್ಲ, ಮನೆಯಲ್ಲಿ. ಹಾಗಾಗಿ ಈ ಕಾಯಿಲೆಯ ವಿವರಣೆಯಲ್ಲಿ ಕುಟುಂಬದ ಮಾತು ಅನುಬಂಧವಾಗಿ ಬರಬಾರದು, ಚಿಕಿತ್ಸೆಯ ಭಾಗವಾಗಿಯೇ ಬರಬೇಕು.

ಊರು ಮತ್ತು ಆಸ್ಪತ್ರೆ

ಸೆಂಬವಾಂಗ್ ಸಿಂಗಪುರದ ಉತ್ತರ ತುದಿಯಲ್ಲಿ, ಜೊಹೋರ್ ಜಲಸಂಧಿಗೆ ಮುಖ ಮಾಡಿಕೊಂಡಿರುವ ಪಟ್ಟಣ. 1938ರಲ್ಲಿ ಆರಂಭವಾದ ಬ್ರಿಟಿಷ್ ನೌಕಾನೆಲೆಯಲ್ಲಿ ದುಡಿಯಲು ಬಂದ ಮಲಯಾಳಿ, ತಮಿಳು ಕುಟುಂಬಗಳಿಂದ ಇಲ್ಲಿನ ಭಾರತೀಯ ಬದುಕು ಬೇರೂರಿತು. ನೌಕಾನೆಲೆಯ ಹಡಗು ದುರಸ್ತಿ ಅಂಗಳ 1968ರಲ್ಲಿ ವಾಣಿಜ್ಯ ಹಡಗುಕಟ್ಟೆಯಾಯಿತು, 1996ರಲ್ಲಿ ಎಂಆರ್‌ಟಿ ರೈಲು ಬಂತು. ಸರ್ಕಾರಿ ವಸತಿ ಮಂಡಳಿಯ ಎತ್ತರದ ಕಟ್ಟಡಗಳಲ್ಲಿ ಈಗ ಎಲ್ಲ ಭಾಷೆಯ ಎಳೆಯ ಸಂಸಾರಗಳಿವೆ. ದ್ವೀಪದ ಉದ್ದಗಲಕ್ಕೂ ಹರಡಿರುವ ಕನ್ನಡಿಗರಲ್ಲಿ ಬಹಳ ಮಂದಿ ಸಾಫ್ಟ್‌ವೇರ್, ಬ್ಯಾಂಕಿಂಗ್ ಕೆಲಸಕ್ಕೆ ಬಂದು ಇಂಥದೇ ಫ್ಲ್ಯಾಟ್‌ಗಳಲ್ಲಿ ನೆಲೆಸಿದವರು.

ಮಕ್ಕಳ ಕ್ಯಾನ್ಸರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಎರಡು ಕೇಂದ್ರಗಳಿವೆ: ಬುಕಿತ್ ತಿಮಾ ರಸ್ತೆಯ ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ, ಕೆಂಟ್ ರಿಜ್‌ನ ನ್ಯಾಷನಲ್ ಯೂನಿವರ್ಸಿಟಿ ಆಸ್ಪತ್ರೆ. ಎರಡೂ ಸೆಂಬವಾಂಗ್‌ನಿಂದ ದೂರ, ದ್ವೀಪದ ದಕ್ಷಿಣ ಭಾಗದಲ್ಲಿವೆ. ರೈಲು ಸಲೀಸಾಗಿದ್ದರೂ ಬಿಳಿ ರಕ್ತಕಣ ಕುಸಿದಿರುವ ಮಗುವನ್ನು ಜನಜಂಗುಳಿಯ ಬೋಗಿಯಲ್ಲಿ ಒಯ್ಯುವಂತಿಲ್ಲ; ಟ್ಯಾಕ್ಸಿಯೇ ಗತಿ. ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಕಂಡರೆ ನಡುರಾತ್ರಿಯಾದರೂ ಹೊರಡಬೇಕು. ಪ್ರತಿರೋಧ ಶಕ್ತಿ ಇಲ್ಲದ ದೇಹದಲ್ಲಿ ಸೋಂಕು ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಆ್ಯಂಟಿಬಯಾಟಿಕ್ ಬೇಗ ರಕ್ತನಾಳಕ್ಕೆ ಇಳಿಯಬೇಕು. ಅನುಭವವುಳ್ಳ ಮನೆಗಳಲ್ಲಿ ಬಾಗಿಲ ಬಳಿ ಒಂದು ಚೀಲ ಸದಾ ಸಿದ್ಧವಿರುತ್ತದೆ.

ಚಿಕಿತ್ಸೆ ಬಂದ ದಾರಿ

1940ರ ದಶಕದವರೆಗೆ ಈ ಕಾಯಿಲೆ ಬಂದ ಮಗು ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಹೋಗುತ್ತಿತ್ತು. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ 16 ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧಿ ಕೊಟ್ಟು, ಅವರಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು 1948ರಲ್ಲಿ ಪ್ರಕಟಿಸಿದರು. ಆ ಔಷಧಿ ಸಿದ್ಧವಾದದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮುನ್ನಡೆಸಿದ ಲೆಡರ್ಲೆ ಪ್ರಯೋಗಾಲಯದ ತಂಡದಿಂದ. ನಂತರ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಮರ್ಕಾಪ್ಟೊಪ್ಯೂರಿನ್ ಬಂತು. ನಮ್ಮ ಅಂಗಳಗಳಲ್ಲೂ ಅರಳುವ ನಿತ್ಯಪುಷ್ಪದ ಗಿಡದಿಂದ ವಿಂಕ್ರಿಸ್ಟಿನ್ ಬಂತು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ 1960ರ ದಶಕದಲ್ಲಿ ಇಂಥ ಹಲವು ಔಷಧಿಗಳನ್ನು ಒಟ್ಟುಗೂಡಿಸಿ, ಮಿದುಳು-ಬೆನ್ನುಹುರಿಯ ದ್ರವಕ್ಕೂ ಚಿಕಿತ್ಸೆ ಕೊಟ್ಟು, ಅರ್ಧದಷ್ಟು ಮಕ್ಕಳನ್ನು ಉಳಿಸಬಹುದೆಂದು ತೋರಿಸಿದರು.

ಸಿಂಗಪುರದ ಕೊಡುಗೆಯೂ ಸಣ್ಣದಲ್ಲ. ಇಲ್ಲಿನ ಎರಡು ಆಸ್ಪತ್ರೆಗಳು ಮಲೇಷ್ಯಾದ ಎರಡು ಆಸ್ಪತ್ರೆಗಳೊಂದಿಗೆ ಸೇರಿ ಮಾ-ಸ್ಪೋರ್ ಎಂಬ ಚಿಕಿತ್ಸಾ ಕ್ರಮವನ್ನು ರೂಪಿಸಿದವು. ಅಲೆನ್ ಯೋ ಅವರ ನೇತೃತ್ವದ ಮಾ-ಸ್ಪೋರ್ 2003 ಅಧ್ಯಯನದಲ್ಲಿ 556 ಮಕ್ಕಳಿದ್ದರು. 33ನೆಯ ದಿನ ಮತ್ತು 12ನೆಯ ವಾರ ಮಜ್ಜೆಯಲ್ಲಿ ಉಳಿದಿರುವ ಕ್ಯಾನ್ಸರ್ ಕಣಗಳನ್ನು ಪಿಸಿಆರ್ ವಿಧಾನದಿಂದ ಎಣಿಸಿ, ಚೆನ್ನಾಗಿ ಸ್ಪಂದಿಸಿದ ಮಕ್ಕಳಿಗೆ ಕೀಮೋ ಕಡಿಮೆ ಮಾಡಲಾಯಿತು. 2012ರಲ್ಲಿ ಫಲಿತಾಂಶ ಪ್ರಕಟವಾದಾಗ ಆರು ವರ್ಷದ ಬದುಕುಳಿವು ಶೇಕಡಾ 88.4 ಇತ್ತು. ತಂದೆತಾಯಿಯ ಪಾಲಿಗೆ ಈ ಎರಡು ಪರೀಕ್ಷೆಗಳ ಫಲಿತಾಂಶ ಬರುವ ದಿನಗಳಷ್ಟು ಭಾರವಾದವು ಬೇರೆ ಇಲ್ಲ.

ಕಾಯಿಲೆ ಮರುಕಳಿಸಿದವರಿಗಾಗಿ ಬಂದ, ರೋಗಿಯದೇ ರಕ್ಷಣಾ ಕಣಗಳಿಗೆ ಹೊಸ ಗ್ರಾಹಕ ಜೋಡಿಸುವ ಕಾರ್-ಟಿ ಚಿಕಿತ್ಸೆಗೂ ಈ ದ್ವೀಪದ ನಂಟಿದೆ. ಸಿಂಗಪುರಕ್ಕೆ ಬಂದ ವಿಜ್ಞಾನಿ ಡಾರಿಯೊ ಕಂಪಾನ ಅದಕ್ಕೂ ಹಿಂದೆ ಮೆಂಫಿಸ್‌ನ ತಮ್ಮ ಪ್ರಯೋಗಾಲಯದಲ್ಲಿ ರೂಪಿಸಿದ ಗ್ರಾಹಕದ ವಿನ್ಯಾಸವೇ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಿಮ್ರಿಯಾ ಎಂಬ ಕಾರ್-ಟಿ ಚಿಕಿತ್ಸೆಯ ಬುನಾದಿ. ಸಿಂಗಪುರ ಅದಕ್ಕೆ 2021ರಲ್ಲಿ ಅನುಮತಿ ನೀಡಿತು.

ಮನೆಯೊಳಗಿನ ಚಿಕಿತ್ಸೆ

ಮೊದಲ ಕೆಲವು ತಿಂಗಳ ತೀವ್ರ ಹಂತಗಳು ಮುಗಿದ ಮೇಲೆ ನಿರ್ವಹಣಾ ಹಂತ ಬರುತ್ತದೆ. ಪ್ರತಿದಿನ ಮರ್ಕಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಎರಡನ್ನೂ ಕೊಡುವವರು ಅಮ್ಮ ಅಥವಾ ಅಪ್ಪ. ಅಮೆರಿಕದಲ್ಲಿ ಸ್ಮಿತಾ ಭಾಟಿಯಾ ಅವರ ತಂಡ ನಡೆಸಿದ ಅಧ್ಯಯನದಲ್ಲಿ, ಬರೆದುಕೊಟ್ಟ ಮರ್ಕಾಪ್ಟೊಪ್ಯೂರಿನ್‌ನಲ್ಲಿ ಶೇಕಡಾ 95ಕ್ಕಿಂತ ಕಡಿಮೆ ನುಂಗಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವ ಅಪಾಯ ಸ್ಪಷ್ಟವಾಗಿ ಹೆಚ್ಚಿತ್ತು. ಮೂರು ವರ್ಷದ ಮಗು ಬಾಯಿ ಬಿಗಿಹಿಡಿದಾಗ ಮಾತ್ರೆಯನ್ನು ಹೇಗೆ ಒಳಗೆ ಸೇರಿಸುವುದು ಎಂಬ ಪ್ರಶ್ನೆಗೆ ಇಷ್ಟು ತೂಕವಿದೆ. ಮಾತ್ರೆಯ ಪ್ರಮಾಣ ಆಗಾಗ ಬದಲಾಗುತ್ತದೆ, ಒಂದು ದಿನ ಒಂದು, ಮರುದಿನ ಅರ್ಧ ಎಂಬಂತೆ. ಹಾಗಾಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರೇ ಹೆಚ್ಚು. ಏಷ್ಯಾ ಮೂಲದ ಕೆಲವು ಮಕ್ಕಳಲ್ಲಿ ಎನ್‌ಯುಡಿಟಿ15 ಎಂಬ ಜೀನಿನ ವ್ಯತ್ಯಾಸದಿಂದ ಸಾಮಾನ್ಯ ಪ್ರಮಾಣದ ಮರ್ಕಾಪ್ಟೊಪ್ಯೂರಿನ್ ಕೂಡ ರಕ್ತಕಣಗಳನ್ನು ನೆಲಕಚ್ಚಿಸುತ್ತದೆ. ಇದನ್ನು ಬಿಡಿಸಿದ ಸಂಶೋಧನೆಯಲ್ಲಿ ಸಿಂಗಪುರದ ಮಕ್ಕಳ ಮಾದರಿಗಳೂ ಇದ್ದವು.

ಮನೆಮಂದಿಯ ಮಾತಿನಲ್ಲಿ ದಿನಗಳು, ರಕ್ತಕಣಗಳ ಎಣಿಕೆಯಂತೆ, "ಕೌಂಟ್ ಚೆನ್ನಾಗಿದೆ", "ಕೌಂಟ್ ಬಿದ್ದಿದೆ" ಎಂದು ಎರಡಾಗಿ ಒಡೆಯುತ್ತವೆ. ಕೌಂಟ್ ಚೆನ್ನಾಗಿದ್ದರೆ ಸಂಜೆ ಸೆಂಬವಾಂಗ್ ಪಾರ್ಕಿನ ಕಡಲಂಚಿನಲ್ಲಿ ಮಗು ಓಡಾಡಬಹುದು. ಬಿದ್ದಿದ್ದರೆ ಲಿಫ್ಟಿನಲ್ಲಿ ನೆರೆಯವರ ಕೆಮ್ಮೂ ಅಂಜಿಕೆ. 2020ರಲ್ಲಿ ಹೊಸದಾಗಿ ತೆರೆದ ಸೆಂಬವಾಂಗ್ ಬಿಸಿನೀರಿನ ಬುಗ್ಗೆಯ ಉದ್ಯಾನದಲ್ಲಿ ಊರ ಮಕ್ಕಳೆಲ್ಲ ಕಾಲು ಇಳಿಬಿಟ್ಟು ಕೂತಿದ್ದರೂ, ಹಲವರು ಕಾಲಿಡುವ ಆ ನೀರು ಕೌಂಟ್ ಬಿದ್ದ ಮಗುವಿಗೆ, ಎದೆಯಲ್ಲಿ ಔಷಧಿ ಕೊಡುವ ಕ್ಯಾಥೆಟರ್ ಕೊಳವೆ ಇರುವ ಮಗುವಿಗೆ ತಕ್ಕದ್ದಲ್ಲ. ಶಿಶುವಿಹಾರದಲ್ಲಿ ಯಾರಿಗಾದರೂ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಗುಳ್ಳೆ ಎದ್ದಿತೆಂದರೆ ಆಸ್ಪತ್ರೆಗೆ ಫೋನ್ ಮಾಡಲೇಬೇಕು. 2013ರ ಜೂನಿನಲ್ಲಿ ಆದಂತೆ ಸುಮಾತ್ರದ ಕಾಡಿನ ಬೆಂಕಿಯ ಹೊಗೆ ಕವಿದರೆ ಕಿಟಕಿಗಳೂ ಮುಚ್ಚುತ್ತವೆ.

ಸ್ಟಿರಾಯ್ಡ್ ಕೊಡುವ ದಿನಗಳು ಬೇರೆಯೇ. ಮಗುವಿನ ಮುಖ ಊದುತ್ತದೆ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ, ರಾತ್ರಿ ಎರಡು ಗಂಟೆಗೆ ಎದ್ದು ಅನ್ನ-ಸಾರು ಬೇಕೆನ್ನುತ್ತದೆ. ಇದು ಔಷಧಿಯ ಗುಣ, ಮಗುವಿನ ಹಟವಲ್ಲ ಎಂದು ಮೊದಲೇ ಹೇಳಿದ್ದರೆ ತಾಯಂದಿರು ಅರ್ಧ ಹಗುರಾಗುತ್ತಾರೆ. ಬಿಸಿಯಾಗಿ ಮಾಡಿದ ಮನೆಯ ಅಡುಗೆ ಈ ಮಕ್ಕಳಿಗೆ ಒಳ್ಳೆಯದು. ಕೆಡಬಹುದಾದ ಚಟ್ನಿ, ಕತ್ತರಿಸಿ ಇಟ್ಟ ಹಣ್ಣು, ತೊಳೆಯದ ಸೊಪ್ಪು ಬೇಡ.

ಊರಿನಿಂದ ಹಿರಿಯರು ಕಳಿಸುವ ಕಷಾಯ, ಚೂರ್ಣಗಳ ವಿಷಯದಲ್ಲಿ ಖಡಾಖಂಡಿತವಾಗಿ ಹೇಳಬೇಕು. ಅಮೃತಬಳ್ಳಿ ತೆಗೆದುಕೊಂಡ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ತಜ್ಞರು 2021ರಲ್ಲಿ ವರದಿ ಮಾಡಿದ್ದಾರೆ. ಮರ್ಕಾಪ್ಟೊಪ್ಯೂರಿನ್, ಮೆಥೊಟ್ರೆಕ್ಸೇಟ್‌ಗಳು ಮೊದಲೇ ಯಕೃತ್ತಿನ ಮೇಲೆ ಭಾರ ಹೇರುವ ಔಷಧಿಗಳು. ವೈದ್ಯರಿಗೆ ಹೇಳದೆ ಏನನ್ನೂ ಕೊಡಬಾರದು. ಹರಕೆ, ಪೂಜೆಗಳ ಮಾತು ಬೇರೆ. ಅವು ಎಷ್ಟೋ ಮನೆಗಳನ್ನು ಹಿಡಿದು ನಿಲ್ಲಿಸಿವೆ, ಚಿಕಿತ್ಸೆಗೆ ಅಡ್ಡ ಬಂದಿಲ್ಲ.

ಅಪ್ಪ ಅಮ್ಮನ ಮನಸ್ಸು, ಮಗುವಿನ ಮನಸ್ಸು

ರೋಗ ಗೊತ್ತಾದ ರಾತ್ರಿ ಪ್ರತಿ ತಾಯಿಯೂ ಬಸಿರಿನ ದಿನಗಳನ್ನು ಹಿಂದಕ್ಕೆ ತಿರುವಿ ನೋಡುತ್ತಾಳೆ: ಏನು ತಿಂದೆ, ಎಲ್ಲಿ ತಪ್ಪಿದೆ, ಯಾರ ದೃಷ್ಟಿ ತಾಗಿತು. ಲಂಡನ್ನಿನ ವಿಜ್ಞಾನಿ ಮೆಲ್ ಗ್ರೀವ್ಸ್ ದಶಕಗಳ ಕೆಲಸದ ಸಾರವನ್ನು 2018ರಲ್ಲಿ ಹೀಗೆ ಮುಂದಿಟ್ಟರು: ಹಲವು ಮಕ್ಕಳಲ್ಲಿ ಜೀನಿನ ಮೊದಲ ಬದಲಾವಣೆ ಗರ್ಭದಲ್ಲೇ ಆಕಸ್ಮಿಕವಾಗಿ ಆಗುತ್ತದೆ, ಹಾಗಾದವರಲ್ಲಿ ಬಹಳ ಕಡಿಮೆ ಮಕ್ಕಳಿಗೆ ಮಾತ್ರ, ಎರಡನೆಯ ಬದಲಾವಣೆಯೂ ಆದಾಗ, ಕಾಯಿಲೆ ಬರುತ್ತದೆ. ತಾಯಿ ತಿಂದದ್ದರಿಂದಲೋ ಬಿಟ್ಟದ್ದರಿಂದಲೋ ಅಲ್ಲ. ಅಣ್ಣತಂಗಿಯರಿಗೆ ಅಂಟುವ ರೋಗವೂ ಅಲ್ಲ. ಇದನ್ನು ಒಂದು ಸಲ ಹೇಳಿದರೆ ಸಾಲದು. ಅಜ್ಜಿ, ಅತ್ತೆ, ನೆಂಟರ ಮುಂದೆಯೂ ವೈದ್ಯರ ಬಾಯಿಂದಲೇ ಬಂದರೆ ಸೊಸೆಯ ಮೇಲೆ ಬೀಳುವ ಮೌನದ ಆಪಾದನೆ ಸ್ವಲ್ಪವಾದರೂ ಇಳಿಯುತ್ತದೆ.

ಎಳೆಯ ಮಗುವಿಗೆ ಏನು ಹೇಳಬೇಕು? ನಮ್ಮ ಮನೆಗಳ ರೂಢಿ ಮುಚ್ಚಿಡುವುದು. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1970ರ ದಶಕದ ಆರಂಭದಲ್ಲಿ, ಲ್ಯುಕೀಮಿಯಾದಿಂದ ಸಾಯುವವರೇ ಹೆಚ್ಚಿದ್ದ ಕಾಲದಲ್ಲಿ, ಮೂರರಿಂದ ಒಂಬತ್ತು ವರ್ಷದ ಮಕ್ಕಳ ಜೊತೆ ವಾರ್ಡಿನಲ್ಲಿ ಕಾಲ ಕಳೆದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ತಮ್ಮ ಸ್ಥಿತಿ ಗೊತ್ತಿತ್ತು. ಪಕ್ಕದ ಹಾಸಿಗೆಯ ಮಗುವಿನಿಂದ, ಅಮ್ಮನ ಕೆಂಪಾದ ಕಣ್ಣಿನಿಂದ, ದಾದಿಯರು ಬೇಗ ಹೊರಟುಬಿಡುವ ರೀತಿಯಿಂದ ಅವರು ತಿಳಿದುಕೊಂಡಿದ್ದರು. ಆದರೂ ತಂದೆತಾಯಿಯನ್ನು ನೋಯಿಸಬಾರದೆಂದು ಗೊತ್ತಿಲ್ಲದವರಂತೆ ನಡೆದುಕೊಂಡರು. 1978ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ಓದಿದ ಮೇಲೆ "ಮಗುವಿಗೇನೂ ಗೊತ್ತಾಗಲ್ಲ ಬಿಡಿ" ಎಂಬ ಮಾತನ್ನು ಒಪ್ಪುವುದು ಕಷ್ಟ. ನಾಲ್ಕರ ಮಗುವಿಗೆ ಅದರ ಭಾಷೆಯಲ್ಲೇ ಹೇಳಬಹುದು: ನಿನ್ನ ರಕ್ತಕ್ಕೆ ಕಾಯಿಲೆ ಬಂದಿದೆ, ನೀನು ತಂಟೆ ಮಾಡಿದ್ದಕ್ಕೆ ಬಂದದ್ದಲ್ಲ, ಸೂಜಿ ನೋಯುತ್ತದೆ, ನಾನು ಕೈ ಹಿಡಿದುಕೊಂಡಿರುತ್ತೇನೆ. ನೋಯುವ ಸೂಜಿಯನ್ನು ನೋಯಲ್ಲ ಅಂದರೆ ಮುಂದಿನ ಸಲ ಮಗು ನಂಬುವುದಿಲ್ಲ; ಮುಂದಿನ ಸಲಗಳು ಬಹಳ ಇವೆ.

ಕೂದಲು ಉದುರುವುದು ಕನ್ನಡದ ಮನೆಗಳಲ್ಲಿ ವಿಚಿತ್ರ ರೀತಿಯಲ್ಲಿ ನಾಟುತ್ತದೆ. ಜವಳ ತೆಗೆಸಿದ, ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟ ಬೋಳು ತಲೆಯ ಕೂಸು ನಮಗೆ ಹೊಸದಲ್ಲ. ಆದರೆ ಜಡೆ ಹಾಕಿಸಿಕೊಳ್ಳುವ ಐದರ ಹುಡುಗಿಯ ದಿಂಬಿನ ಮೇಲೆ ಕೂದಲು ಕಂಡಾಗ ತಾಯಿಗೆ ಆಗುವ ಸಂಕಟ ಬೇರೆ. ಸಿಂಗಪುರದ ಚಿಲ್ಡ್ರನ್ಸ್ ಕ್ಯಾನ್ಸರ್ ಫೌಂಡೇಶನ್ 2003ರಿಂದ ನಡೆಸುತ್ತಿರುವ ಹೇರ್ ಫಾರ್ ಹೋಪ್‌ನಲ್ಲಿ ಸಾವಿರಾರು ಜನ ತಲೆ ಬೋಳಿಸಿಕೊಂಡು ಈ ಮಕ್ಕಳ ಜೊತೆ ನಿಲ್ಲುತ್ತಾರೆ. 1992ರಲ್ಲಿ ಆರಂಭವಾದ ಈ ಸಂಸ್ಥೆ ಆಟದ ಮೂಲಕ ಮಕ್ಕಳನ್ನು ಪರೀಕ್ಷೆಗಳಿಗೆ ಸಿದ್ಧಗೊಳಿಸುತ್ತದೆ, ತಂದೆತಾಯಿಗೆ ಆಪ್ತಸಲಹೆ ನೀಡುತ್ತದೆ, ಶಾಲೆಗೆ ಮರಳಲು ನೆರವಾಗುತ್ತದೆ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಹಲವು ಮಕ್ಕಳು ಪ್ರೈಮರಿ ಒನ್, ಅಂದರೆ ಒಂದನೆಯ ತರಗತಿ, ಸೇರುವ ವಯಸ್ಸಿಗೆ ಬಂದಿರುವುದರಿಂದ ಈ ಕೊನೆಯ ಕೆಲಸದ ಬೆಲೆ ದೊಡ್ಡದು.

ಕಾಯಿಲೆ ಇಲ್ಲದ ಅಕ್ಕನೋ ತಮ್ಮನೋ ಮನೆಕೆಲಸದವರ ಜೊತೆ ಉಳಿದು, ಮೂಲೆಯಲ್ಲಿ ಸದ್ದಿಲ್ಲದೆ ಒಳ್ಳೆಯವರಾಗಿಬಿಡುತ್ತಾರೆ. ಅವರ ಹೊಟ್ಟೆನೋವು, ಕುಸಿಯುವ ಅಂಕ ಹೆಚ್ಚಾಗಿ ತಡವಾಗಿಯೇ ಕಣ್ಣಿಗೆ ಬೀಳುತ್ತವೆ.

ದುಡ್ಡು, ವೀಸಾ, ಮರಳುವ ಪ್ರಶ್ನೆ

ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ 2015ರಿಂದ ಮೆಡಿಶೀಲ್ಡ್ ಲೈಫ್ ವಿಮೆ ಇದೆ. ವಿದೇಶಿ ಉದ್ಯೋಗಿಗಳಿಗೆ ಕೊಡುವ ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿರುವವರ ಮಕ್ಕಳಿಗೆ ಅದೂ ಇಲ್ಲ, ಸರ್ಕಾರದ ರಿಯಾಯಿತಿಯೂ ಇಲ್ಲ. ಕಂಪನಿಯ ವಿಮೆಯ ಮಿತಿ ಮುಗಿದ ಮೇಲೆ ಉಳಿತಾಯವೇ ಆಸರೆ. ಕೆಲಸ ಹೋದರೆ ಪಾಸ್ ರದ್ದಾಗುತ್ತದೆ, ಸಾಮಾನ್ಯವಾಗಿ 30 ದಿನಗಳ ಅವಕಾಶ ಸಿಗುತ್ತದೆ. ಹೀಗಾಗಿ ಅಪ್ಪ ವಾರ್ಡಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ತೆರೆದು ಮೀಟಿಂಗಿಗೆ ಕೂರುವುದನ್ನು ನಿರ್ಲಕ್ಷ್ಯವೆಂದು ತಿಳಿಯಬಾರದು. ಮಗುವಿನ ಚಿಕಿತ್ಸೆ ಆ ಕೆಲಸದ ಮೇಲೆಯೇ ನಿಂತಿದೆ. ಕಾನೂನಿನ ಪ್ರಕಾರ ಪ್ರಜೆಯಲ್ಲದ ಮಗುವಿನ ತಂದೆತಾಯಿಗೆ ವರ್ಷಕ್ಕೆ ಸಿಗುವ ಮಕ್ಕಳ ಆರೈಕೆಯ ರಜೆ ಎರಡೇ ದಿನ. ಅಜ್ಜ-ಅಜ್ಜಿಯನ್ನು ದೀರ್ಘಾವಧಿಗೆ ಕರೆಸಿಕೊಳ್ಳಲು ಮಗ ಅಥವಾ ಮಗಳ ತಿಂಗಳ ಸಂಬಳ 12,000 ಸಿಂಗಪುರ ಡಾಲರ್ ಇರಬೇಕು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಗಡಿ ಮುಚ್ಚಿದಾಗ ಆ ದಾರಿಯೂ ಕಡಿದು, ಕೆಲವು ಮನೆಗಳು ಪೂರ್ತಿ ಒಂಟಿಯಾದವು.

ಆದ್ದರಿಂದ ರೋಗ ಗೊತ್ತಾದ ಕೆಲವೇ ದಿನಗಳಲ್ಲಿ ಬೆಂಗಳೂರಿಗೆ ಮರಳೋಣವೇ ಎಂಬ ಮಾತು ಏಳುತ್ತದೆ. ಅಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಮಕ್ಕಳ ವಿಭಾಗವಿದೆ, ಸೇಂಟ್ ಜಾನ್ಸ್ ಇದೆ, ಬೊಮ್ಮಸಂದ್ರದ ಮಜುಂದಾರ್ ಶಾ ಕೇಂದ್ರವಿದೆ. ಎಲ್ಲಕ್ಕಿಂತ ಮಿಗಿಲಾಗಿ ಅಜ್ಜಿಯ ಮನೆ ಇದೆ. ಕಿದ್ವಾಯಿಗೆ ರಾಯಚೂರು, ಬೀದರ್ ಕಡೆಯಿಂದ ಬರುವ ಕುಟುಂಬಗಳು ಕೂಲಿ ಬಿಟ್ಟು ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಉಳಿಯಬೇಕಾಗುತ್ತದೆ. ಅದು ಸಾಧ್ಯವಾಗದೆ ಚಿಕಿತ್ಸೆಯನ್ನು ನಡುವೆ ಬಿಡುವುದೇ ಭಾರತದಲ್ಲಿ ಮಕ್ಕಳನ್ನು ಕಳೆದುಕೊಳ್ಳುವ ದೊಡ್ಡ ಕಾರಣಗಳಲ್ಲೊಂದು. ಸೆಂಬವಾಂಗ್‌ನ ಕುಟುಂಬಕ್ಕೆ ಆ ಬಡತನವಿಲ್ಲ, ಆದರೆ ನಡುವೆ ಊರು ಬದಲಿಸುವ ಅಪಾಯ ಇದೆ.

ಊರು ಬದಲಿಸುವವರು ಒಂದು ಹಂತ ಮುಗಿದು ಮುಂದಿನದು ಆರಂಭವಾಗುವ ಸಂಧಿಯಲ್ಲಿ, ಎರಡೂ ಕಡೆಯ ವೈದ್ಯರು ಮಾತಾಡಿಕೊಂಡ ಮೇಲೆ ಹೊರಡುವುದು ಒಳ್ಳೆಯದು. ಜೊತೆಗೆ ಒಯ್ಯಬೇಕಾದದ್ದು: ರೋಗದ ಉಪವಿಧ ಮತ್ತು ಜೀನ್ ಪರೀಕ್ಷೆಯ ವರದಿ, 33ನೆಯ ದಿನ ಮತ್ತು 12ನೆಯ ವಾರದ ಫಲಿತಾಂಶ, ಕೊಟ್ಟ ಪ್ರತಿ ಔಷಧಿಯ ಒಟ್ಟು ಪ್ರಮಾಣ. ಈ ಕೊನೆಯದನ್ನು ಚಿಕಿತ್ಸೆ ಮುಗಿದ ಮೇಲೂ ಜೋಪಾನವಾಗಿಡಬೇಕು. ಹೃದಯಕ್ಕೆ ತೊಂದರೆ ಮಾಡಬಲ್ಲ ಡಾಕ್ಸೊರುಬಿಸಿನ್‌ನಂಥ ಔಷಧಿಗಳ ಒಟ್ಟು ಪ್ರಮಾಣವನ್ನು ನೋಡಿಯೇ ವೈದ್ಯರು ಎಷ್ಟು ವರ್ಷಕ್ಕೊಮ್ಮೆ ಹೃದಯದ ಎಕೋ ಮಾಡಿಸಬೇಕೆಂದು ತೀರ್ಮಾನಿಸುತ್ತಾರೆ. ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೀಮೋ ಮುಗಿದು ಆರು ತಿಂಗಳಾದರೂ ಕಳೆದ ಮೇಲೆ ಕೊಡುತ್ತಾರೆ. ಇಂದು ಮೂರು ವರ್ಷದ ಈ ಮಗು ಇಪ್ಪತ್ತೈದರಲ್ಲಿ ಮೈಸೂರಿನಲ್ಲೋ ಮೆಲ್ಬರ್ನ್‌ನಲ್ಲೋ ಹೊಸ ವೈದ್ಯರೊಬ್ಬರ ಎದುರು ಕೂತಾಗ ಔಷಧಿಗಳ ಪ್ರಮಾಣ ಬರೆದ ಹಾಳೆ ಅದರ ಕೈಯಲ್ಲೇ ಇರಬೇಕು.