ಸೇ ಕೆಥೆಡ್ರಲ್, ಹಳೇ ಗೋವಾ

ಗೋವಾ ಮಹಾಧರ್ಮಪ್ರಾಂತ್ಯದ ಪ್ರಧಾನಾಲಯ. ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳಿಗೆ ಅರ್ಪಿತ. ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಗೋವಾವನ್ನು ಪೋರ್ಚುಗೀಸ್ ದಂಡನಾಯಕ ಅಫೊನ್ಸೊ ದ ಅಲ್ಬುಕರ್ಕ್ 1510ರ ನವೆಂಬರ್ 25ರಂದು, ಅಂದರೆ ಆ ಸಂತಳ ಹಬ್ಬದ ದಿನ, ಎರಡನೆಯ ಬಾರಿ ಗೆದ್ದುಕೊಂಡ. ಈ ಅರ್ಪಣೆ ಅದರ ನೆನಪು. ಹಾಗಾಗಿ ಇದು ಆರಾಧನೆಯ ಮನೆ ಮಾತ್ರವಲ್ಲ, ವಿಜಯದ ಗುರುತೂ ಹೌದು. ಇದರ ಗಾತ್ರ ಅರ್ಥವಾಗುವುದು ಹಾಗೆ ನೋಡಿದಾಗಲೇ.

1557ರಲ್ಲಿ ಗೋವಾ ಮಹಾಧರ್ಮಪ್ರಾಂತ್ಯವಾದ ಮೇಲೆ ಅದಕ್ಕೊಪ್ಪುವ ಕಟ್ಟಡ ಬೇಕಾಯಿತು. ದೊರೆ ಸೆಬಾಸ್ಟಿಯನ್‌ನ ಕಾಲದಲ್ಲಿ, 1562ರಲ್ಲಿ, ಕೆಲಸ ಶುರುವಾಗಿ 1619ರಲ್ಲಿ ಮುಗಿಯಿತು. ಪ್ರತಿಷ್ಠಾಪನೆ ನಡೆದದ್ದು 1640ರಲ್ಲಿ. ಸುಮಾರು 76 ಮೀಟರ್ ಉದ್ದ, 55 ಮೀಟರ್ ಅಗಲದ ಇದು ಏಷ್ಯಾದ ಅತಿ ದೊಡ್ಡ ಚರ್ಚುಗಳಲ್ಲೊಂದು. ಹೊರಮೈ ಬಿಳಿ, ಬಿಗಿ, ಬಹುಪಾಲು ನಿರಾಡಂಬರ. ಒಳಗೆ ಕಾಲಿಟ್ಟರೆ ಪ್ರಧಾನ ಬಲಿಪೀಠದ ಹಿಂದಿನ ಚಿನ್ನದ ಲೇಪದ ಮರಗೆತ್ತನೆ ಕಣ್ಣು ತುಂಬುತ್ತದೆ. ಕ್ಯಾಥರೀನಳ ಬದುಕಿನ ಪ್ರಸಂಗಗಳು ಅಲ್ಲಿ ಫಲಕ ಫಲಕವಾಗಿ ಮೂಡಿವೆ. ಇಡೀ ಕಟ್ಟಡದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇದೇ.

ಮುಂಭಾಗದ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ. ಉಳಿದದ್ದರಲ್ಲಿ ‘ಚಿನ್ನದ ಗಂಟೆ’ ಇದೆ. ಸಾಂಕ್ರಾಮಿಕ ರೋಗಗಳಿಂದ ನಗರ ಬರಿದಾಗಿ, 1843ರಲ್ಲಿ ರಾಜಧಾನಿ ಪಣಜಿಯಾದರೂ ಮಹಾಧರ್ಮಾಧ್ಯಕ್ಷರ ಪೀಠ ಇಲ್ಲಿಯೇ ಉಳಿಯಿತು. ಸಂತ ಫ್ರಾನ್ಸಿಸ್ ಕ್ಸೇವಿಯರನ ಪಾರ್ಥಿವ ಶರೀರವನ್ನು ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಂ ಜೀಸಸ್ ಬೆಸಿಲಿಕಾದಿಂದ ಇಲ್ಲಿಗೆ ತಂದು ದರ್ಶನಕ್ಕೆ ಇಡುತ್ತಾರೆ. 1986ರಲ್ಲಿ ಈ ಕೆಥೆಡ್ರಲ್ ಗೋವಾದ ಇತರ ಕೆಲವು ಚರ್ಚುಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.